ಐದನೆಯ ಬೆರಳು ಕಂಡ ಕಲ್ಲು

ಬೆಳಗಿನ ಆರು ಗಂಟೆ. ಕಲ್ಲಿನ ಬೋಗುಣಿಯ ಬಾಯಿಯನ್ನು ಕಿಟಕಿಯತ್ತ ತಿರುಗಿಸಿ ಆಕೆ ಒಳಗೆ ಕೈ ಹಾಕುತ್ತಾರೆ. ನಾಲ್ಕು ಬೆರಳು ಕಲ್ಲಿಗೆ ಒತ್ತಿಕೊಂಡಿವೆ, ಹೆಬ್ಬೆರಳು ಮಾತ್ರ ದೂರಕ್ಕೆ ಮಡಚಿದೆ. ಎಳೆ ಬಿಸಿಲು ಕಲ್ಲನ್ನು ಹಾದು ಬರುತ್ತಿದ್ದಂತೆ ಹೊರಮೈಯಲ್ಲಿ ಬೆರಳುಗಳ ನೆರಳು ಮಸುಕಾಗಿ ಮೂಡುತ್ತದೆ. “ನಾಲ್ಕು ಎಣಿಸೋಕೆ ಸಿಗ್ಬೇಕು. ಐದನೇದೂ ಕಂಡ್ರೆ ಉಜ್ಜಿದ್ದು ಅತಿಯಾಯ್ತು, ಕಲ್ಲು ಕೈಬಿಟ್ಟ ಹಾಗೆ,” ಎನ್ನುತ್ತಾರೆ. ಬೇರೆ ಅಳತೆಯ ಸಲಕರಣೆ ಇವರ ಬಳಿ ಇಲ್ಲ.

ಹುಬ್ಬಿನವರೆಗೂ ಕಲ್ಲಿನ ಪುಡಿ ಮೆತ್ತಿಕೊಂಡೇ ಇರುವ ಇವರನ್ನು ಬೀದಿಯವರು ಕರೆಯುವುದು ಪುಡಿಯಕ್ಕ ಎಂದು. ಊರಂಚಿನ ಗುಡ್ಡದ, ತೆಳುವಾದರೆ ಬೆಳಕು ಹಾಯುವ ಜೇನುಬಣ್ಣದ ಕಲ್ಲಿನಲ್ಲಿ ಇಂಥ ಬೋಗುಣಿ ಕಡೆದು ತೂಗುದೀಪ ಮಾಡುವುದು ಇವರ ಕಸುಬು. ವಿನ್ಯಾಸವೆಲ್ಲ ನೆಲದ ಮೇಲೆ, ಸೀಮೆಸುಣ್ಣದಲ್ಲಿ. ನಲವತ್ತು ಕಿಲೋ ಬಂಡೆ ಒಂಬತ್ತು ದಿನದಲ್ಲಿ ಮೂರು ಕಿಲೋಗೆ ಇಳಿಯುತ್ತದೆ. ಮೊದಲ ವರ್ಷ ಹದಿನೇಳು ಒಡೆದವಂತೆ. ಅವರಪ್ಪ ಮೆಟ್ಟಿಲು ಕಡೆಯುತ್ತಿದ್ದವರು. ಪಕ್ಕದ ಬೀದಿಯ ವಾಚನಾಲಯದ ಮೆಟ್ಟಿಲುಗಳು ಅವರ ಕೈಯವೇ. ಕಲ್ಲು ಇರುವುದು ಕಾಲಡಿಗೆ, ಅದನ್ನು ಯಾರಾದರೂ ತಲೆಯ ಮೇಲೆ ತೂಗುಹಾಕುತ್ತಾರಾ ಎಂದು ಅವರು ಮಗಳನ್ನು ಛೇಡಿಸುತ್ತಲೇ ಬಂದಿದ್ದಾರೆ. ಮಗಳ ಒಂದು ದೀಪವನ್ನೂ ಉರಿಯುವಾಗ ನೋಡಿಲ್ಲ.

ಈಗ ಅದೇ ವಾಚನಾಲಯಕ್ಕೆ ಹನ್ನೆರಡು ದೀಪ ಬೇಕಾಗಿವೆ. ಕೆಲಸದ ಎಂಜಿನಿಯರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: ಹನ್ನೆರಡೂ ಒಂದೇ ಬಣ್ಣದ ಕಲ್ಲಿನವಾಗಬೇಕು, ಒಂದು ಕಡಿಮೆಯಾದರೂ ಎಲ್ಲ ಕಡೆ ಪ್ಲಾಸ್ಟಿಕ್ ಬುರುಡೆಯ ದೀಪ. ಗುಡ್ಡದಲ್ಲಿ ಆ ಬಣ್ಣದ ಪದರ ಮುಗಿದುಹೋಗಿದೆ. ಹನ್ನೊಂದು ಸಿದ್ಧವಾಗಿವೆ. ಕೈಯಲ್ಲಿರುವುದು ಹನ್ನೆರಡನೆಯದು, ಕೊನೆಯ ಕಲ್ಲು.

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂಬ ಬುದ್ಧಿ, ಇವರ ಬಗ್ಗೆ ಬರೆಯಲು ಬಂದಿದ್ದ ನನಗೆ ಇರಬೇಕಿತ್ತು. ನೀರು ಚಿಮುಕಿಸಿ ಉಜ್ಜುತ್ತಿದ್ದವರಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ, ಅವರೂ ಸಂಕೋಚಕ್ಕೆ ಬಿದ್ದು ಕೈ ನಿಲ್ಲಿಸದೆ ಉತ್ತರಿಸಿದರು. ಮತ್ತೆ ಕಿಟಕಿಗೆ ಹಿಡಿದಾಗ ಬೋಗುಣಿಯ ಒಂದು ಕೆನ್ನೆಯಲ್ಲಿ ಐದು ನೆರಳು. ಅವರು ಬೈಯಲಿಲ್ಲ. ಬೋಗುಣಿಯನ್ನು ಗೋಣಿಚೀಲದ ಮೇಲಿಟ್ಟು, ಕೈ ತೊಳೆದು, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರು. ಆಮೇಲೆ ಒಳಗೆ ಬಲ್ಬು ಇಳಿಸಿ ಹೊತ್ತಿಸಿದರು. “ಮೂರು ದಿನ ಆರಿಸದೆ ಇಡ್ತೀನಿ. ಬಿಸಿಗೆ ಒಡೆಯೋದಾದ್ರೆ ನನ್ನ ಮುಂದೆನೇ ಒಡೀಲಿ, ಓದೋರ ತಲೆ ಮೇಲೆ ಬೇಡ.”

ಆ ಮೂರು ದಿನವೂ ಕಲ್ಲು ತಡೆದುಕೊಂಡಿತು. ವಾಚನಾಲಯದಲ್ಲಿ ಕಿಟಕಿಯೇ ಇಲ್ಲದ ಮೂಲೆಯೊಂದಿದೆ. ಪುಡಿಯಕ್ಕ ಹನ್ನೆರಡನೆಯದನ್ನು ಅಲ್ಲಿಗೇ ಹಾಕಿಸಿ, ತೆಳುವಾದ ಕೆನ್ನೆಯನ್ನು ಮೇಜಿನತ್ತ ತಿರುಗಿಸಿದ್ದಾರೆ. ಯಾರೂ ಕೂರದಿದ್ದ ಆ ಜಾಗಕ್ಕೆ ಈಗ ಬೆಳಗ್ಗೆಯೇ ಬಂದು ಪುಸ್ತಕ ಇಟ್ಟು ಕಾಯ್ದಿರಿಸುತ್ತಾರೆ ಎಂದು ಗ್ರಂಥಪಾಲಕಿ ನಗುತ್ತಾರೆ. ಎಂಜಿನಿಯರು ಮುಂದಿನ ಕಟ್ಟಡಕ್ಕೂ ಒಂದು ಕೆನ್ನೆ ತೆಳುವಾಗಿರುವ ದೀಪವೇ ಬೇಕೆಂದಿದ್ದಾರೆ, ಬಣ್ಣ ಯಾವುದಾದರೂ ಸರಿಯಂತೆ. ನೆಲದ ಮೇಲೆ ಅದರ ಚಿತ್ರ ಆಗಲೇ ಬಿದ್ದಿದೆ.

ಮೊನ್ನೆ ಮಗಳ ಭುಜ ಹಿಡಿದು ಅಪ್ಪನೂ ವಾಚನಾಲಯಕ್ಕೆ ಬಂದರು. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ, ಕೆಟ್ಟುಹೋಗಿದ್ದು ಯಾವುದು ಎಂದು ಕೇಳಿದರು. ಮಗಳು ಹೆಬ್ಬೆರಳಿನಿಂದ ತೋರಿಸಿದರು. ಮುದುಕರು ಹೋಗಿ ಅದರ ಕೆಳಗೇ ಕೂತು, ಪತ್ರಿಕೆ ಬಿಡಿಸಿಕೊಂಡರು.

ಹೊರಗೆ ಬಂದಾಗ ಪುಡಿಯಕ್ಕ ಸವೆದ ಮೆಟ್ಟಿಲನ್ನು ಪಾದದಿಂದ ಮೆಲ್ಲಗೆ ತಡವಿದರು. “ನಮ್ಮಪ್ಪನ ಕಲ್ಲು ಹತ್ತಿ ಬಂದೋರು ನನ್ನ ಕಲ್ಲಿನ ಕೆಳಗೆ ಕೂತು ಓದ್ತಾರೆ. ಇನ್ನೇನು ಬೇಕು ಹೇಳಿ.”