ಊರ ಮಗಳಿಗೆ ಊರೇ ತುಂಬಿದ ಉಡಿ

ಒಬ್ಬ ಹುಡುಗಿಯನ್ನು ಬೈಯದೆ, ಬಡಿಯದೆ, ಆಕೆಯ ಮೇಲೆ ಒಂದು ಕೆಟ್ಟ ಮಾತನ್ನೂ ಆಡದೆ, ಬರಿಯ ಮರ್ಯಾದೆ ಮಾಡಿಯೇ ಊರಿನಿಂದ ಹೊರಗೆ ಹಾಕಬಹುದೆಂದು ನೀವು ನಂಬುತ್ತೀರಾ?

ಕಳೆದ ಚಳಿಗಾಲದಲ್ಲಿ ನವಲಗುಂದದ ಕಡೆಯ ಒಂದು ಶಾಲೆಯಲ್ಲಿ ಮಾತನಾಡಲು ಹೋಗಿದ್ದೆ. ಬಾಜು ಕೋಣೆಯಲ್ಲಿ ಮಕ್ಕಳ ನಾಟಕಕ್ಕೆಂದು ಯಾರೋ ಸಫೇದಾ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸುತ್ತಿದ್ದರು. ಮುಖಕ್ಕೆ ಬಳಿಯುವ ಆ ಬಿಳಿ ಬಣ್ಣದ ತಣ್ಣನೆಯ ವಾಸನೆ ಬಾಗಿಲಿನಿಂದ ತೇಲಿ ಬಂದಾಗ ನನ್ನ ಮಾತು ನಡುವೆಯೇ ನಿಂತಿತು. ಎದುರು ಕುಳಿತ ಮಕ್ಕಳು ನಾನು ಮರೆತೆನೆಂದು ತಿಳಿದು ನಕ್ಕರು. ನನಗೆ ಆ ಕ್ಷಣದಲ್ಲಿ ಕಂಡಿದ್ದು ನಮ್ಮ ಅಕ್ಕ ಶಾಂತವ್ವನ ಕಿವಿಯ ಹಿಂದೆ ತೊಳೆದರೂ ಹೋಗದೆ ಉಳಿದಿದ್ದ ಬಿಳಿಯ ಗೆರೆ.

ಅಣ್ಣಿಗೇರಿಯಾಚೆಯ ಎರೆಹೊಲಗಳ ನಡುವೆ ಒಂದು ಹಳ್ಳಿ ನಮ್ಮದು. ಮಣ್ಣಿನ ಮಾಳಿಗೆ ಮನೆ. ಒಳಗೆ ಕಾಲಿಟ್ಟರೆ ಕಡಲೆ ಹೊಟ್ಟಿನ, ಹೊಗೆ ಹಿಡಿದ ತೊಲೆಗಳ, ಹಂಚಿನ ಮೇಲೆ ಕಾಯುವ ಜೋಳದ ರೊಟ್ಟಿಯ ವಾಸನೆ. ಪಡಸಾಲೆಯ ಮೂಲೆಯಲ್ಲಿ ಕೆಂಪು ಅರಿವೆ ಹೊದ್ದ ಹಾರ್ಮೋನಿಯಂ ಇರುತ್ತಿತ್ತು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ಅದನ್ನು ನುಡಿಸಿ ಊರಿನವರಿಗೆ ನಾಟಕ ಕಲಿಸುವವನು ಪೇಟಿ ಮಾಸ್ತರ. ನಮ್ಮ ಅಪ್ಪ ಹಗಲು ಹೊಲದವನು, ದೀಪ ಹಚ್ಚಿದ ಮೇಲೆ ಪೇಟಿ ಮಾಸ್ತರ. ಸುಗ್ಗಿ ಮುಗಿಯಿತೆಂದರೆ ನಮ್ಮ ಪಡಸಾಲೆಯಲ್ಲಿ ತಾಲೀಮು ಆರಂಭವಾಗುತ್ತಿತ್ತು. ನಾಟ್ಯ ಸಂಘದ ಹಿರಿಯ ಬಸಣ್ಣ ಕಾಕಾ ವರ್ಷವೂ ರಾಜ, ವರ್ಷವೂ ಮಾತು ಮರೆಯುವವನು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಆ ಸಪ್ಪಳದ ನಡುವೆಯೇ ಮುಂದಿನ ಮಾತನ್ನು ಎತ್ತಿ ಕೊಡುತ್ತಿದ್ದಳು. "ಕಾಕಾ, ರಾಜ್ಯ ಹೋದ್ರ ಹೋಗ್ಲಿ, ಮಾತರ ಹಿಡೀರಿ" ಎಂದರೆ ಪಡಸಾಲೆಯೆಲ್ಲ ನಗುತ್ತಿತ್ತು. "ನಿನ್ನ ಗಂಡ ಭಾಳ ಶಾಣ್ಯಾ ಇರ್ಬೇಕಾಕ್ಕೈತಿ ಬೇ" ಎಂದು ಆತನೂ ನಗುತ್ತಿದ್ದ.

ಹೆಣ್ಣಿನ ಪಾತ್ರಕ್ಕೆ ಮಾತ್ರ ಊರಿನ ಹೆಣ್ಣುಮಕ್ಕಳು ಸಲ್ಲರು. ಅದಕ್ಕೆ ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ನಟಿಯರು ಬರುತ್ತಿದ್ದರು. ಬಂದವರಿಗೆ ನಮ್ಮ ಊರಲ್ಲಿ ಒಂದು ಪದ್ಧತಿ ಇತ್ತು. ಅವರು ಇಳಿಯುವುದು ಶಾಲೆಯ ಕೋಣೆಯಲ್ಲಿ. ಊಟ ಅಲ್ಲಿಗೇ ಡಬ್ಬಿಯಲ್ಲಿ ಹೋಗುತ್ತಿತ್ತು. ಯಾರ ಮನೆಯ ಹೊಸ್ತಿಲನ್ನೂ ಅವರು ದಾಟುತ್ತಿರಲಿಲ್ಲ. ನಾಟಕದ ಮರುದಿನ ಮುಂಜಾನೆ ಐವರು ಮುತ್ತೈದೆಯರು ಹೋಗಿ, ಗಂಡನ ಮನೆಗೆ ಹೊರಟ ಮಗಳಿಗೆ ಮಾಡುವಂತೆ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿಣ ಕೊಂಬು, ಮೇಲೊಂದು ಕುಪ್ಪಸದ ಖಣ ಇಟ್ಟು ಉಡಿ ತುಂಬಿ, ಬಸ್ಸು ಹತ್ತಿಸಿ ಬರುತ್ತಿದ್ದರು. ಇಷ್ಟು ಗೌರವ ಕೊಡುವ ಊರು ಸುತ್ತಿನಲ್ಲಿ ಬೇರೊಂದಿಲ್ಲವೆಂದು ನಾವು ಮಕ್ಕಳು ಹೆಮ್ಮೆ ಪಡುತ್ತಿದ್ದೆವು. ಉಡಿ ತುಂಬಿಸಿಕೊಂಡವಳು ಹೊರಡಲೇಬೇಕು ಎಂಬುದು ಆ ಗೌರವದ ಇನ್ನರ್ಧ. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಆ ವರ್ಷ ನಾಟಕದ ದಿನ ಮಧ್ಯಾಹ್ನ ಫೋನು ಬಂತು: ನಟಿಗೆ ಜ್ವರ, ಬರುವುದಿಲ್ಲ. ಪರದೆ ಕಟ್ಟಿಯಾಗಿತ್ತು, ಶಲವಡಿಯಿಂದ ಬಂಡಿ, ಟ್ರ್ಯಾಕ್ಟರ್‌ಗಳಲ್ಲಿ ಜನ ಹೊರಟಾಗಿತ್ತು. ಬಸಣ್ಣ ಕಾಕಾ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತ.

"ಮಾಸ್ತರ, ಪಾತ್ರ ನಿಮ್ಮ ಅಡಿಗಿಮನ್ಯಾಗ ಐತಲ್ರಿ. ಎಲ್ಲಾ ಮಾತು ಬರ್ತಾವು ಆಕಿಗೆ."

ಅವ್ವ ಬಾಗಿಲ ಮರೆಯಿಂದ, "ಊರ ಮಗಳು ಅದಾಳ್ರಿ ಅಣ್ಣಾ" ಎಂದಳು.

"ಅದಕ್ಕ ಕೇಳಾಕ ಬಂದೀನಿ ತಂಗಿ. ಹೊರಗಿನಾಕಿಗೆ ಕೈ ಮುಗೀತೀವಿ. ನಮ್ಮ ಮಗಳನ್ನ ಕಣ್ಣಾಗ ಇಟ್ಕೊಂತೀವಿ."

ಆತ ಸುಳ್ಳು ಹೇಳಲಿಲ್ಲ, ಹಾಗೆಂದೇ ನಂಬಿದ್ದ. ಅಪ್ಪ ಅಕ್ಕನನ್ನು ಕೇಳಿದ. ಹತ್ತನೆಯ ತರಗತಿಯ ಪರೀಕ್ಷೆ ಬರೆದು ಕುಳಿತಿದ್ದ ಆಕೆಗೆ ಆಗ ಹದಿನಾರು. ಹಿಟ್ಟಿನ ಕೈ ತೊಳೆದುಕೊಂಡು ಬಂದು, "ಮಾಡ್ತೀನಿ" ಎಂದಳು. ಒತ್ತಾಯಕ್ಕೆ ಒಪ್ಪಿದವಳ ಮುಖ ಅದಾಗಿರಲಿಲ್ಲ. ಬಣ್ಣ ಹಚ್ಚಿಸಿಕೊಂಡು ಕನ್ನಡಿ ನೋಡಿಕೊಂಡಾಗ ಆಕೆ ನಗಲಿಲ್ಲ, ಬಹಳ ದಿನದಿಂದ ಕಾಯುತ್ತಿದ್ದ ಯಾರನ್ನೋ ಕಂಡವಳಂತೆ ತಲೆಯಾಡಿಸಿದಳು. ವೇದಿಕೆಯ ಮೇಲೆ ಆಕೆ ಹೇಗಿದ್ದಳೆಂದು ವರ್ಣಿಸುವ ಶಕ್ತಿ ನನಗಿಲ್ಲ. ಆಕೆ ಅತ್ತಾಗ ನಮ್ಮ ಅಪ್ಪನ ಪೇಟಿ ಒಂದು ಸ್ವರ ತಪ್ಪಿತು. ಬಸಣ್ಣ ಕಾಕಾ ಅಂದು ಒಂದು ಮಾತನ್ನೂ ಮರೆಯಲಿಲ್ಲ. ಆ ರಾತ್ರಿ ಅಕ್ಕ ನನಗೆ, "ಅಲ್ಲಿ ನಿಂತಾಗ ನನಗ ಹಸಿವಿ ಅನ್ನೂದು ಗೊತ್ತಾಗ್ಲಿಲ್ಲ ತಂಗಿ. ಇದನ್ನ ಮಾಡ್ಕೋಂತ, ಇದ ಮನ್ಯಾಗ ಇರಬೇಕು" ಎಂದಳು. ಆಕೆ ಬದುಕಿನಲ್ಲಿ ಕೇಳಿದ್ದು ಅಷ್ಟೇ.

ಮರುದಿನ ಮುಂಜಾನೆ ಮುತ್ತೈದೆಯರು ನಮ್ಮ ಅಂಗಳಕ್ಕೆ ಬಂದರು. ಮುಂದೆ ಬಸಣ್ಣ ಕಾಕಾನ ಹೆಂಡತಿ ಗಂಗವ್ವ, ಕೈಯಲ್ಲಿ ಮುಚ್ಚಿದ ತಟ್ಟೆ.

ಅವ್ವ, "ಇದೇನ ಗಂಗವ್ವಾ? ನಮ್ಮ ಹುಡುಗಿ ಎಲ್ಲಿಗೆ ಹೊಂಟಾಳ?" ಎಂದಳು.

"ಎಲ್ಲೀಗೂ ಇಲ್ಲ ನೀಲವ್ವಾ. ಪಾತ್ರಾ ಮಾಡಿದಾಕಿಗೆ ತುಂಬೂದು ಪದ್ಧತಿ. ಬಿಟ್ರ ಊರಿಗೆ ಚಲೋ ಅಲ್ಲ."

ಬಂದ ಉಡಿಯನ್ನು ಯಾರೂ ಹಿಂದಕ್ಕೆ ಕಳಿಸುವುದಿಲ್ಲ. ಹಾಗೆ ಕಳಿಸಿದರೆ ಮಗಳ ಬಾಳಿಗೇ ಕೇಡೆಂದು ನಂಬಿದ್ದ ಅವ್ವ, ಮಗಳ ಒಳಿತಿಗಾಗಿಯೇ ಮಣೆ ಹಾಕಿದಳು. ಅಕ್ಕ ಸೆರಗು ಹಿಡಿದಳು. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು. ತುಂಬಿದ ಮೇಲೆ ಆ ಹೆಂಗಸರಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಪ್ರತಿಸಲ ಇಷ್ಟೊತ್ತಿಗೆ ಬಸ್ ಸ್ಟ್ಯಾಂಡಿನತ್ತ ನಡೆಯುತ್ತಿದ್ದರು. ರೂಢಿಯಂತೆ ಹಿಂದೆ ಸರಿದು ದಾರಿ ಬಿಟ್ಟು ನಿಂತರು. ಭಾರವಾದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಕ್ಕ ಹೊಸ್ತಿಲ ಹೊರಗೆ ನಿಂತೇ ಇದ್ದಳು.

"ಅವ್ವಾ, ನಾ ಈಗ ಒಳಗ ಬರ್ಲೋ, ಹೊರಗ ಹೋಗ್ಲೋ?"

ಅವ್ವ ಆಕೆಯ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಆದರೆ ಊರು ತನ್ನ ಮಟ್ಟಿಗೆ ಆಕೆಯನ್ನು ಕಳಿಸಿಯಾಗಿತ್ತು. ಯಾರೂ ನಿಂದಿಸಲಿಲ್ಲ, ಎದುರು ಸಿಕ್ಕರೆ ಮೊದಲಿಗಿಂತ ಹೆಚ್ಚು ವಿನಯದಿಂದ "ಬರ್ರಿ, ಹೋಗ್ರಿ" ಎಂದರು. ನಿನ್ನೆಯವರೆಗೆ "ಬೇ" ಎಂದವರು "ರಿ" ಹಚ್ಚಿದರು. ಮದುವೆಗಳಲ್ಲಿ ಆರತಿ ಹಿಡಿಯಲು ಕರೆಯುವುದು ನಿಂತಿತು. ಪಂಚಮಿಗೆ ಜೋಕಾಲಿ ಆಡಲು ಗೆಳತಿಯರು ಬರುವುದು ನಿಂತಿತು. ದೇವಿಕೊಪ್ಪದಿಂದ ಹೆಣ್ಣು ನೋಡಲು ಬಂದವರ ಮುಂದೆ ನಮ್ಮ ಊರಿನವರೇ ಒಬ್ಬರು ಅಕ್ಕನ ಪಾತ್ರವನ್ನು ಬಾಯಿತುಂಬ ಹೊಗಳಿದರು; ಬಂದವರು ಊಟ ಮಾಡಿ, ಚಲೋ ಆಯ್ತೆಂದು ಹೇಳಿ, ಮತ್ತೆ ಬರಲಿಲ್ಲ. ಇನ್ನು ಆಕೆಯನ್ನು ಕರೆಯುವವರು ನಾಟಕದವರು ಮಾತ್ರ. ಮೊದಲು ಪಕ್ಕದ ಊರುಗಳ ನಾಟಕಗಳು, ಅಪ್ಪ ಪೇಟಿ ಹೊತ್ತು ಜೊತೆಗೆ. ಆಮೇಲೆ ಒಂದು ವೃತ್ತಿ ಕಂಪನಿ, ಅಕ್ಕ ಒಬ್ಬಳೇ. ಆಕೆಯ ಅಭಿನಯದ ಬದುಕು ಹೀಗೆ ಆರಂಭವಾಯಿತು. ಆಕೆಗೆ ಕಲೆ ಬೇಕಾಗಿತ್ತು, ಸಿಕ್ಕಿತು. ಮನೆ ತಪ್ಪಿತು.

ಅಪ್ಪ ತೀರಿಕೊಂಡ ಮೇಲೆ ಒಂದು ವರ್ಷ ನಮ್ಮ ಊರಿನ ಸಂಘವೇ ಆಕೆಯನ್ನು ಪಾತ್ರಕ್ಕೆ ಕರೆಸಿತು. ಅವ್ವ ಕಾಲಿಗೆ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. ಅಕ್ಕ ಬಸ್ಸಿನಿಂದ ಇಳಿದಾಗ ಸಂಘದ ಹುಡುಗ ರೂಢಿಯಂತೆ ಆಕೆಯ ಚೀಲವನ್ನು ಎತ್ತಿಕೊಂಡು ಶಾಲೆಯ ಕಡೆಗೆ ನಡೆದ. ಅಕ್ಕ ಅವನ ಹಿಂದೆ ನಡೆದಳು. ಯಾರೂ ಮನೆಗೆ ಹೋಗಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ತಂಬಿಗೆಯ ನೀರು ಬಿಸಿಲಿಗೆ ಕಾದಿತು. ಕಡೆಗೆ ಅವ್ವ ರೊಟ್ಟಿ ಗಂಟು ಕಟ್ಟಿಕೊಂಡು ನನ್ನನ್ನು ಕರೆದುಕೊಂಡು ಶಾಲೆಗೆ ಹೋದಳು. ಕರಿಹಲಗೆಯ ಕೆಳಗೆ ಚಾಪೆ ಹಾಸಿ ಕುಳಿತಿದ್ದ ಅಕ್ಕ ರೊಟ್ಟಿ ಮುರಿದು, "ಬ್ಯಾರೆ ಊರಕಿಂತ ಇಲ್ಲಿ ಒಂದು ಚಲೋ ಐತಿ ಅವ್ವಾ. ರೊಟ್ಟಿ ಬಿಸಿ ಇರ್ತಾವು" ಎಂದಳು. ಅವ್ವ ನಗಲು ನೋಡಿದಳು. ಮರುದಿನ ಗಂಗವ್ವ ಮತ್ತೆ ಉಡಿ ತುಂಬಿದಳು.

ಮುಂದೆ ನಾನು ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದೆ. ಅದೇ ಶಾಲೆಯ ಬಯಲಿನಲ್ಲಿ, ಅದೇ ಸಂಘದವರು, ಊರಿಗೆ ಹೆಸರು ತಂದ ಮಗಳೆಂದು ನನಗೆ ಶಾಲು ಹೊದಿಸಿದರು. ನಾನೂ ವೇದಿಕೆ ಏರಿದವಳೇ, ನಾನೂ ನೂರು ಜನರೆದುರು ದನಿ ಎತ್ತಿದವಳೇ. ನನ್ನ ಮಾತು ವಿದ್ಯೆಯಾಯಿತು, ಆಕೆಯದು ಬಣ್ಣವಾಯಿತು. ಈ ಭೇದಕ್ಕೆ ಸಮರ್ಥನೆ ಏನೆಂದು ನಾನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. ಶಾಲು ಹೊದಿಸಿದ ದಿನ ಫೋನಿನಲ್ಲಿ ಅಕ್ಕನಿಗೆ ಹೇಳಿದಾಗ ಆಕೆ ಕೇಳಿದ್ದು ಬೇರೆ.

"ಶಾಲು ಹೊಚ್ಚಿದ್ರಾ? ಉಡಿ ತುಂಬ್ಲಿಲ್ಲಲ್ಲ?"

"ಇಲ್ಲ ಅಕ್ಕಾ."

"ಹಂಗಾರ ಚಲೋ ಆತು. ಮನೀಗೆ ಹೋಗು."

ಮುಂದಿನ ಮಳೆಗಾಲ ಹೊರಜಿಲ್ಲೆಯಲ್ಲಿ ಕಂಪನಿ ಹಾಕಿದ್ದ ಕ್ಯಾಂಪಿನಲ್ಲಿ ಆಕೆಗೆ ಕಾಮಾಲೆಯಾಯಿತು. ಬಣ್ಣದ ಕೆಳಗೆ ಹಳದಿ ಯಾರಿಗೂ ಕಾಣಲಿಲ್ಲ. ಆಕೆಯ ಶವ ತಂದ ಗಾಡಿಯ ಡ್ರೈವರ್ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, "ನಾಟಕದ ಶಾಂತವ್ವನ್ನ ಎಲ್ಲಿ ಇಳಿಸಬೇಕ್ರಿ?" ಎಂದು ಕೇಳಿದನಂತೆ. ಕಟ್ಟೆಯ ಮೇಲಿದ್ದ ಯಾರೋ ಯೋಚಿಸದೆಯೇ ಕೈ ಎತ್ತಿ ಶಾಲೆಯನ್ನು ತೋರಿಸಿದರು. ನಾವು ಮನೆಯಲ್ಲಿ ಕಾಯುತ್ತಿದ್ದೆವು, ಗಾಡಿ ಶಾಲೆಯ ಮುಂದೆ ನಿಂತಿತ್ತು. ಸುದ್ದಿ ತಿಳಿದ ಅವ್ವ ತಂಬಿಗೆ ಹಿಡಿದುಕೊಂಡೇ ಓಡಿದಳು. ಗಾಡಿಯ ಸುತ್ತ ಗಂಗವ್ವ, ಬಸಣ್ಣ ಕಾಕಾ, ಊರಿನ ಅರ್ಧ ಮಂದಿ ತಲೆತಗ್ಗಿಸಿ ನಿಂತಿದ್ದರು.

"ಮನೀಗೆ ತರ್ರಿ" ಎಂದಳು ಅವ್ವ, ಮೆಲ್ಲಗೆ. "ಇನ್ನರ ಮನೀಗೆ ತರ್ರಿ."

ಹೊಸ್ತಿಲ ಮುಂದೆ ಇಳಿಸಿದಾಗ ಅವ್ವ ಆ ತಣ್ಣಗಿನ ಪಾದಗಳಿಗೆ ನೀರು ಹಾಕಿದಳು. ಅಪ್ಪನ ಬಾಜು, ನಮ್ಮ ಹೊಲದಲ್ಲೇ, ಅಕ್ಕನನ್ನು ಮಣ್ಣು ಮಾಡಿದೆವು. ಈಗ ಅವ್ವ ಇಲ್ಲ. ಮಾಳಿಗೆ ಕುಸಿದು ಪಡಸಾಲೆಯ ಜಾಗದಲ್ಲಿ ಜಾಲಿ ಎದ್ದಿದೆ. ಪೇಟಿಯ ತಿದಿಯನ್ನು ಇಲಿಗಳು ಕಡಿದಿವೆ. ಶಾಲೆಯ ಕೋಣೆ ಮಾತ್ರ ಹೊಸ ಸುಣ್ಣ ಕಂಡಿದೆ. ಈ ಸುಗ್ಗಿಗೂ ಅಲ್ಲಿ ಯಾವಳೋ ಒಬ್ಬ ಹುಡುಗಿ ಇಳಿಯುತ್ತಾಳೆ.

ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಊರಿಗೆ ಪಾತ್ರಕ್ಕೆಂದು ಬಂದ ಹೆಣ್ಣುಮಗಳನ್ನು ಈ ಸಲ ಶಾಲೆಗೆ ಕಳಿಸಬೇಡಿ. ಚೀಲವನ್ನು ನೀವೇ ಎತ್ತಿಕೊಂಡು ನಿಮ್ಮ ಮನೆಯ ಕಡೆಗೆ ನಡೆಯಿರಿ. ಕಾಲಿಗೆ ನೀರು ಕೊಡಿ, ಒಳಗೆ ಕರೆಯಿರಿ, ನಿಮ್ಮ ಮಕ್ಕಳ ಸಾಲಿನಲ್ಲಿ ಕೂರಿಸಿ ಉಣಬಡಿಸಿ.