ಭಾವನ ಅಂಗಡಿಯ ಎದುರಿನ ಅಂಗಡಿ

ನನ್ನ ಮೊದಲ ಕಂಪ್ಯೂಟರ್ ಸತ್ತದ್ದು ಮದುವೆ ಸೀಜನ್ನಿನ ನಟ್ಟನಡುವೆ, ಒಂದು ನವಿಲಿನ ಬಾಲ ಅರ್ಧಕ್ಕೆ ಬಂದಿದ್ದಾಗ. ಪರದೆ ಒಮ್ಮೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಡಬ್ಬಿಯ ಒಳಗಿಂದ ಜೋಳ ಬೀಸಿದ ಹಾಗೆ ಕರಕರ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ನಾನು ಭಾಲ್ಕಿಯಲ್ಲಿ ಮನೆಯಲ್ಲೇ ಕೂತು ಕಸೂತಿ ಡಿಸೈನ್ ಮಾಡುತ್ತೇನೆ. ಈಗ ರವಿಕೆಯ ಮೇಲೆ ಕೈಯಿಂದ ಕಸೂತಿ ಹಾಕುವವರು ಕಡಿಮೆ, ಮಷೀನು ಹಾಕುತ್ತದೆ. ಆದರೆ ಯಾವ ದಾರ ಎಲ್ಲಿಂದ ಹೊರಡಬೇಕು, ಎಲ್ಲಿ ತಿರುಗಬೇಕು, ಎಲ್ಲಿ ಕತ್ತರಿಸಬೇಕು ಅಂತ ಮಷೀನಿಗೆ ಯಾರಾದರೂ ಹೇಳಬೇಕಲ್ಲ. ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಪೆನ್‌ಡ್ರೈವಿಗೆ ಹಾಕಿ ಕೊಡುವುದು ನನ್ನ ಕೆಲಸ. ಭಾಲ್ಕಿ, ಹುಮನಾಬಾದ, ಅತ್ತ ಉದಗೀರದ ತನಕ ಮಷೀನಿನವರು ನನ್ನ ಡಿಸೈನ್ ಒಯ್ಯುತ್ತಿದ್ದರು. ಬಿದರಿ ಹೂದಾನಿಗಳ ಮೇಲಿನ ಬಳ್ಳಿಯನ್ನು ನೋಡಿ ನೋಡಿ ನಾನು ರವಿಕೆಯ ತೋಳಿಗೆ ಒಂದು ಅಂಚು ತಯಾರು ಮಾಡಿದ್ದೆ. ಕಪ್ಪು ರೇಷ್ಮೆಯ ಮೇಲೆ ಬೆಳ್ಳಿ ದಾರದಲ್ಲಿ ಅದು ಎಷ್ಟು ಚೆಂದ ಮೂಡುತ್ತಿತ್ತೆಂದರೆ, ನನಗೇ ಕೈ ಮುಟ್ಟಿ ನೋಡಬೇಕು ಅನ್ನಿಸುತ್ತಿತ್ತು. ಆ ಅಂಚೂ ಉಳಿದ ಎಲ್ಲ ಡಿಸೈನುಗಳೂ ಆ ಡಬ್ಬಿಯ ಒಳಗೇ ಇದ್ದವು. ಎಲ್ಲ ಹೋದವು.

ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಮಾಡುವವನ ಬಳಿ ಒಯ್ದೆ. ಆತ ಪಕ್ಕದ ತಗಡು ಬಿಚ್ಚಿದ. ಹೊರಗೆ ಡಬ್ಬಿ ಹೊಚ್ಚ ಹೊಸದು, ಮುಂದೆ ಕೆಂಪು ಲೈಟು ಉರಿಯುವಂಥದ್ದು. ಒಳಗಿನ ಡಿಸ್ಕಿನ ಮೇಲೆ ಯಾವುದೋ ಕಾಲೇಜಿನ ಲ್ಯಾಬಿನ ನಂಬರು ಬಿಳಿ ಪೇಂಟಿನಲ್ಲಿ ಬರೆದಿತ್ತು. ಪವರ್ ಸಪ್ಲೈ ಮೇಲೂ ಅದೇ ಕೈಬರಹ.

"ಹಳೀ ಮಾಲು ತಗೊಂಡೀರೇನ್ರಿ?" ಅಂದ.

"ಹೊಸಾದು ಅಂತ ಕೊಟ್ಟಾರ್ರಿ," ಅಂದೆ.

ಆತ ತಗಡನ್ನು ಮೆಲ್ಲಗೆ ಮುಚ್ಚಿದ.

ಹೊಸದು ಅಂತ ಕೊಟ್ಟವರು ಬೇರೆ ಯಾರೂ ಅಲ್ಲ, ಭಾವ. ನನ್ನ ಗಂಡನ ಸೋದರತ್ತೆಯ ಮಗ. ಬೀದರಿನಲ್ಲಿ ದೊಡ್ಡ ಕಂಪ್ಯೂಟರ್ ಅಂಗಡಿ, ಗಾಜಿನ ಬಾಗಿಲು, ಒಳಗೆ ಎಸಿ. "ಹೈದರಾಬಾದಿಂದ ಸೀದಾ ನಿನ್ನ ಸಲುವಾಗಿ ತರಿಸೀನಿ," ಅಂತ ತಾನೇ ಗಾಡಿಯಲ್ಲಿ ಹಾಕಿಕೊಂಡು ಬಂದು ನಮ್ಮ ಮನೆಯಲ್ಲಿ ಇಟ್ಟು ಹೋಗಿದ್ದ. ಆವತ್ತು ಒಳಗಿನ ಫ್ಯಾನಿಗೆ ಒಂದು ವೈರು ತಾಗಿ ಸದ್ದು ಮಾಡುತ್ತಿತ್ತು. "ಒಂದಿಷ್ಟು ದಾರ ಕೊಡು," ಅಂದ. ನನ್ನ ಪೆಟ್ಟಿಗೆಯಿಂದ ಗುಲಾಬಿ ರೇಷ್ಮೆ ದಾರ ಕೊಟ್ಟೆ. ಅದರಿಂದ ವೈರುಗಳನ್ನೆಲ್ಲ ಸೇರಿಸಿ ಕಟ್ಟಿದ. ಊಟಕ್ಕೆ ಹೋಳಿಗೆ ಮಾಡಿದ್ದೆ, ತುಪ್ಪ ಸುರಿದುಕೊಂಡು ಉಂಡು ಹೋದ.

ಕೆಟ್ಟ ಮೇಲೆ ಫೋನು ಮಾಡಿದರೆ, "ಕರೆಂಟಿನ ತಕರಾರು ಇರ್ತದವ್ವ, ನೋಡ್ತೇನಿ," ಅಂದ. ನೋಡಲಿಲ್ಲ. ಆ ಮೇಲೆ ಫೋನು ಎತ್ತುವುದನ್ನೂ ಬಿಟ್ಟ. ಆದರೆ ಸಂಬಂಧಿಕರನ್ನು ಎಷ್ಟು ದಿನ ತಪ್ಪಿಸಿಕೊಳ್ಳಲಿಕ್ಕಾಗುತ್ತದೆ? ಔರಾದದಲ್ಲಿ ಒಬ್ಬ ಬಸುರಿಯ ಕುಬಸದ ಕಾರ್ಯಕ್ರಮದಲ್ಲಿ ಸಿಕ್ಕ. ಊಟಕ್ಕೆ ಕೂತ ಪಂಕ್ತಿಯಲ್ಲೇ ನಾನು ಕೇಳಿದೆ, ದನಿ ಎತ್ತದೆ. "ಭಾವ, ಅದರೊಳಗ ಹಳೀ ಸಾಮಾನ ಅದಂತರಿ."

ಅವನು ಎಲೆಯಿಂದ ತಲೆ ಎತ್ತಿದ. ಎಲ್ಲರಿಗೂ ಕೇಳುವ ಹಾಗೆ ಅಂದ, "ಸೂಜಿ ಹಿಡಿಯೋ ಕೈ ಮೌಸ್ ಹಿಡದ್ರ ಹಿಂಗೇ ಆಗ್ತದ. ಚುಚ್ಚಿ ಚುಚ್ಚಿ ಕೆಡಿಸಿ ಈಗ ಅಂಗಡಿಯವರ ಮ್ಯಾಲ ಹಾಕ್ಲಿಕತ್ತಾಳ."

ಪಂಕ್ತಿ ಪೂರಾ ನಕ್ಕಿತು. ಬಡಿಸುವವರು ನಕ್ಕರು. ಅವನ ತಾಯಿ, ಡಾಬಕಾದ ಅತ್ತೆ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನ್ನ ಪಕ್ಕದಲ್ಲಿ ಕೂತಿದ್ದ ನನ್ನ ಗಂಡನೂ ನಕ್ಕ.

ವಾಪಸ್ ಬರುವಾಗ ಬಸ್ಸಿನಲ್ಲಿ ಗಂಡ, "ಮಂದ್ಯಾಗ ಏನ್ ಮಾತಾಡೋದು, ನಕ್ಕು ಬಿಟ್ಟೆ," ಅಂದ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ತೊಗರಿ ಹೊಲಗಳು ಹೋಗುತ್ತಿದ್ದವು. ಕಣ್ಣೀರು ಬರಲಿಲ್ಲ. ಎದೆಯಲ್ಲಿ ಒಂದು ತಣ್ಣಗಿನ ಜಾಗ ಹುಟ್ಟಿತ್ತು, ಅಲ್ಲಿ ಕೂತು ಯೋಚನೆ ಮಾಡುವುದು ಬಹಳ ಸಲೀಸಾಗಿತ್ತು. ಇವನನ್ನು ಹೀಗೇ ಬಿಡಬಾರದು, ಆದರೆ ಅವಸರವೂ ಮಾಡಬಾರದು ಅಂದುಕೊಂಡೆ.

ಮೊದಲು ಹೊಸ ಕಂಪ್ಯೂಟರ್ ಬೇಕಿತ್ತು. ನಲವತ್ತು ಸಾವಿರಕ್ಕಿಂತ ಒಂದು ಪೈಸೆ ಹೆಚ್ಚಿಗೆ ಹಾಕುವ ಶಕ್ತಿ ನಮಗಿರಲಿಲ್ಲ. ಗಂಡನ ಬಸ್ ಡಿಪೋ ಪಗಾರದಲ್ಲಿ ಮನೆ ನಡೆಯಬೇಕು, ನನ್ನ ಗಳಿಕೆ ನಿಂತಿತ್ತು. ಒಬ್ಬ ಗೆಳತಿಯ ಮಷೀನಿನ ಮೇಲೆ ಮಧ್ಯಾಹ್ನ ಹೊತ್ತು ಕೆಲಸ ಮಾಡಿ ಕೂಡಿಸತೊಡಗಿದೆ. ಜೊತೆಗೆ ಕಲಿಯತೊಡಗಿದೆ. ಮೊಬೈಲಿನಲ್ಲಿ ಹಿಂದಿ ವಿಡಿಯೋ ನೋಡಿದೆ. ಬೀದರಿಗೆ, ಉದಗೀರಿಗೆ ಹೋದಾಗ ಅಂಗಡಿಗಳ ಮೆಟ್ಟಿಲು ಹತ್ತಿದೆ. ಎಲ್ಲ ಕಡೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಇದನ್ನ ಬಿಟ್ರ ನನಗೇನು ಕಡಿಮಿ ಆಗ್ತದ?" ಈ ಪ್ರಶ್ನೆಗೆ ಬಹಳ ಅಂಗಡಿಯವರಿಗೆ ಸಿಟ್ಟು ಬರುತ್ತದೆ.

ಬಿಟ್ಟವುಗಳು ಹೀಗೆ. ಬಣ್ಣಬಣ್ಣದ ಲೈಟು ಬಿಟ್ಟೆ. ಆಟ ಆಡುವವರಿಗೆ ಬೇಕಾಗುವ ಗ್ರಾಫಿಕ್ಸ್ ಕಾರ್ಡು ಬಿಟ್ಟೆ. ನನ್ನ ನವಿಲಿಗೆ ಪ್ರೊಸೆಸರಿನೊಳಗೆ ಇದ್ದದ್ದೇ ಸಾಕು. ಹಳೆಯ ಮಾನಿಟರು, ಕೀಬೋರ್ಡು ಇನ್ನೂ ನಡೆಯುತ್ತಿದ್ದವು, ಅವು ಇರಲಿ ಅಂದೆ. ಆ ಉಳಿತಾಯವನ್ನು ಕಣ್ಣಿಗೆ ಕಾಣದ ಕಡೆ ಹಾಕಿದೆ. ದೊಡ್ಡ ಡಿಸೈನ್ ತೆರೆದರೂ ತಡವರಿಸದಷ್ಟು RAM. ತಿರುಗುವ ಡಿಸ್ಕಿನ ಬದಲು SSD. ಭಾಲ್ಕಿಯ ಕರೆಂಟು ಹೋಗಿ ಬಂದು ಮಾಡಿದರೂ ತಡೆದುಕೊಳ್ಳುವ ಒಳ್ಳೆಯ ಪವರ್ ಸಪ್ಲೈ, ಒಂದು UPS. ಎಲ್ಲ ಕೆಲಸದ ಇನ್ನೊಂದು ಪ್ರತಿ ಇಡಲಿಕ್ಕೆ ಹೊರಗಿನ ಒಂದು ಡಿಸ್ಕು. ಒಂದೊಂದನ್ನು ಆರಿಸುವಾಗಲೂ ಭಾವನ ಮುಖ ಕಣ್ಣ ಮುಂದೆ ಇರುತ್ತಿತ್ತು. ಅವನು ಎಲ್ಲೆಲ್ಲಿ ಕದ್ದಿದ್ದನೋ ಅಲ್ಲಲ್ಲೇ ನಾನು ರೊಕ್ಕ ಇಡುತ್ತಿದ್ದೆ. ನಿಜ ಹೇಳಬೇಕೆಂದರೆ ಆ ತಿಂಗಳುಗಳಲ್ಲಿ ನಾನು ಬಹಳ ಖುಷಿಯಲ್ಲಿದ್ದೆ.

ಕೊನೆಗೆ ಮನಸ್ಸಿಗೆ ಬಂದದ್ದು ಭಾವನ ಅಂಗಡಿಯ ಎದುರು ಸಾಲಿನ ಒಂದು ಸಣ್ಣ ಅಂಗಡಿ. ಎಸಿ ಇಲ್ಲ, ಗಾಜಿಲ್ಲ. ಅಲ್ಲಿಯವರು ನನ್ನ ಪ್ರಶ್ನೆಗೆ ಸಿಟ್ಟಾಗದೆ, "ಇದು ಬಿಡ್ರಿ, ಇದು ಮಾತ್ರ ಬಿಡಬ್ಯಾಡ್ರಿ," ಅಂತ ಹೇಳಿದ್ದರು. ಬಿಲ್ಲು ನಲವತ್ತರ ಒಳಗೇ ಕೂತಿತು. ಬೀದರಿನಲ್ಲಿ ಬೇರೆ ಅಂಗಡಿ ಇರಲಿಲ್ಲವೇ ಅಂದರೆ ಇದ್ದವು. ಎದುರುಗಡೆ ಇದ್ದದ್ದು ಇದೊಂದೇ.

ಆ ಮೇಲೆ ಹಳೆಯದರ ಕೆಲಸ. ರಿಪೇರಿಯವನಿಗೆ ಹೇಳಿ ಭಾವ ಕೊಟ್ಟ ಸಾಮಾನನ್ನೆಲ್ಲ ಕೆಂಪು ಲೈಟಿನ ಡಬ್ಬಿಯಿಂದ ತೆಗೆಸಿ, ಅವನ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಒಂದು ತುಕ್ಕು ಹಿಡಿದ ಡಬ್ಬಿಯಲ್ಲಿ ಕೂಡಿಸಿದೆ. "ವೈರಿಗೆ ಕಟ್ಟಿದ ದಾರ ಬಿಚ್ಚಬ್ಯಾಡ್ರಿ, ಹಂಗೇ ಇರ್ಲಿ," ಅಂದೆ. ಆತ ನನ್ನ ಮುಖ ನೋಡಿದ, ಹಾಗೇ ಇಟ್ಟ.

ಡಾಬಕಾದ ಅತ್ತೆಗೆ ಫೋನು ಮಾಡಿದೆ. "ಅತ್ತಿ, ಹೊಸ ಕಂಪ್ಯೂಟರ್ ತಗೊಳ್ಳೋದದರಿ. ನೀವು ಮುಂದ ನಿಂತ್ರ ಭಾವ ಸರಿ ಬೆಲಿ ಹಾಕ್ತಾರ."

ಅತ್ತೆಗೆ ಹಿಡಿಸಲಾರದಷ್ಟು ಸಂತೋಷ. "ಮುನಿಸು ಬಿಟ್ಟಿ ಅಲ್ಲ, ಛಲೋ ಆತು. ಬರ್ತೇನಿ ತಾಯಿ," ಅಂದರು. ಇಳಕಲ್ ಸೀರೆ ಉಟ್ಟು, ಮಗನಿಗೆ ಅಂತ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು.

ಭಾನುವಾರ. ಭಾವನ ಅಂಗಡಿಯಲ್ಲಿ ಜನ ಇದ್ದರು. ಒಂದು ಸಾಲೆಯವರು ಲ್ಯಾಬಿಗೆ ಕಂಪ್ಯೂಟರ್ ಮಾತಾಡಲಿಕ್ಕೆ ಬಂದು ಕುರ್ಚಿಯಲ್ಲಿ ಕೂತಿದ್ದರು. ತಾಯಿಯನ್ನೂ ನನ್ನನ್ನೂ ನೋಡಿ ಭಾವ ಎದ್ದು ಬಂದ, ತಾಯಿಗೆ ಕುರ್ಚಿ ಹಾಕಿಸಿದ. ನಾನು ಆಟೋದಿಂದ ಇಳಿಸಿದ ತುಕ್ಕು ಡಬ್ಬಿಯನ್ನು ಕೌಂಟರಿನ ಮೇಲೆ ಇಟ್ಟೆ.

"ಭಾವ, ಇದು ಪರಿಚಯದವರದು. ಎಕ್ಸ್‌ಚೇಂಜಿಗೆ ಎಷ್ಟು ಬರ್ತದ, ಜರಾ ಒಳಗ ನೋಡಿ ಹೇಳ್ರಿ. ಹೋದ ವರ್ಷ ಹೊಸಾದೇ ತಗೊಂಡಾರಂತ."

ಅವನು ತಗಡು ಬಿಚ್ಚಿ ಬಗ್ಗಿ ನೋಡಿದ, ನಕ್ಕ. ಸಾಲೆಯವರಿಗೂ ಕೇಳುವ ಹಾಗೆ, ಪಾಠ ಹೇಳುವ ದನಿಯಲ್ಲಿ ಶುರು ಮಾಡಿದ.

"ಹೊಸಾದಾ? ಇದು ಕಾಲೇಜ್ ಲ್ಯಾಬಿನ ಹರಾಜಿನ ಮಾಲವ್ವ. ನೋಡ್ರಿ ಸರ್, ನಂಬರ್ ಸಹ ಅಳಿಸಿಲ್ಲ. ಗುಜರಿಗೆ ಕಿಲೋ ಲೆಕ್ಕದಾಗ ಹೋಗೋದು. ಯಾವನೋ ಹಲ್ಕಟ್ ಪಾಪ ಅವರಿಗಿ ಟೋಪಿ ಹಾಕ್ಯಾನ. ಇಂಥವರಿಂದನೇ ನಮ್ಮ ಧಂದೆ ಹೆಸರು ಕೆಡೋದು."

"ಪೂರಾ ಮೋಸ ಅಂತೀರೇನ್ರಿ?" ಅಂದೆ.

"ಮೋಸ ಅಲ್ದ ಮತ್ತೇನು? ಕೇಸ್ ಹಾಕಬೇಕು ಇಂಥವರ ಮ್ಯಾಲ," ಅನ್ನುತ್ತ ಡಿಸ್ಕನ್ನು ಹೊರಗೆಳೆಯಲಿಕ್ಕೆ ಒಳಗೆ ಕೈ ಹಾಕಿದ. ಬೆರಳಿಗೆ ಗುಲಾಬಿ ದಾರ ಸಿಕ್ಕಿತು.

ಕೈ ಅಲ್ಲೇ ನಿಂತಿತು. ಅವನು ಆ ದಾರವನ್ನು ನೋಡಿದ. ತಾನು ಹಾಕಿದ ಗಂಟನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಆ ಮುಖ ನನಗೆ ಈಗಲೂ ಬೇಕೆಂದಾಗ ಕಣ್ಣ ಮುಂದೆ ಬರುತ್ತದೆ. ನಾನು ಅದನ್ನು ಆಗಾಗ ತಂದುಕೊಳ್ಳುತ್ತೇನೆ.

"ಅತ್ತಿ," ಅಂದೆ, ಅವನ ಕಡೆ ನೋಡುತ್ತಲೇ, "ಭಾವ ನಮ್ಮ ಮನಿಗಿ ತಂದು ಕೊಟ್ಟಿದ್ದ ಹೊಸ ಕಂಪ್ಯೂಟರ್ ಇದೇ ನೋಡ್ರಿ. ಡಬ್ಬಿ ಒಂದೇ ಬ್ಯಾರೆ. ದಾರ ನನ್ನದು, ಗಂಟು ಅವರದು."

ಸಾಲೆಯವರು ಮೊಬೈಲ್ ನೋಡಿಕೊಂಡು, "ಆಮ್ಯಾಲ ಬರ್ತೇವ್ರಿ," ಅಂತ ಎದ್ದು ಹೋದರು. ಭಾವ ಗಲ್ಲಾಪೆಟ್ಟಿಗೆ ತೆರೆದು ನೋಟು ಹಿಡಿದು ನನ್ನ ಕಡೆ ಚಾಚಿ, ಸಣ್ಣ ದನಿಯಲ್ಲಿ, "ತಗೋ, ಮುಗಿಸಿಬಿಡು," ಅಂದ.

"ರೊಕ್ಕ ಬ್ಯಾಡ್ರಿ. ಔರಾದದಾಗ ಆ ಪಂಕ್ತಿಯಾಗ ಕುಂತವರು ಎಲ್ಲಾರೂ ಇನ್ನಾ ಅದಾರ. ಅವರ ಮುಂದ ಹೇಳ್ರಿ."

ಅವನು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಹೇಳುವವನಲ್ಲ ಅಂತ ನನಗೆ ಗೊತ್ತಿತ್ತು. ರೊಕ್ಕ ತಗೊಂಡಿದ್ದರೆ ಅವನಿಗೆ ಬಹಳ ಸಸ್ತಾ ಆಗುತ್ತಿತ್ತು.

ಅತ್ತೆ ಹೋಳಿಗೆ ಡಬ್ಬಿಯನ್ನು ಕುರ್ಚಿಯ ಮೇಲೆ ಬಿಟ್ಟು ಹೊರಗೆ ನಡೆದರು. ನಾನು ಹಿಂದೆ ಹೋದೆ. ಮೆಟ್ಟಿಲ ಮೇಲೆ ನಿಂತು, ನನ್ನ ಕಡೆ ತಿರುಗದೆ, "ನನ್ನ ಯಾಕ ಕರ್ಕೊಂಡ್ ಬಂದಿ? ಮನ್ಯಾಗ ಹೇಳಿದ್ರ ಆಗ್ತಿದ್ದಿಲ್ಲೇನು?" ಅಂದರು.

"ನನಗ ಮನ್ಯಾಗ ಅಂದಿದ್ರೇನ್ರಿ?"

ಅತ್ತೆ ಒಬ್ಬರೇ ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಬೆನ್ನು ಸ್ವಲ್ಪ ಬಾಗಿತ್ತು. ಅದನ್ನು ನೋಡಿ ನನಗೆ ಸಂಕಟ ಆಗಲಿಲ್ಲ ಅಂತ ಹೇಳುವುದಿಲ್ಲ. ಆದರೆ ಕರೆದು ನಿಲ್ಲಿಸಲಿಲ್ಲ. ಅವರು ಆವತ್ತು ನಕ್ಕಿದ್ದರು.

ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದೆ. ನನ್ನ ಕಂಪ್ಯೂಟರಿನ ಒಂದೊಂದು ಭಾಗವನ್ನೂ ಸೀಲು ಒಡೆದು ನನ್ನ ಮುಂದೆಯೇ ಕೂಡಿಸಿದರು. ಬೇಕಂತಲೇ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂತೆ. ಗಾಜಿನ ಆಚೆ ಭಾವ ಎದ್ದು ಬಂದು ಪರದೆ ಎಳೆದ.

ಗಂಡನಿಗೆ ಸಂಜೆಯೊಳಗೆ ಫೋನಿನಲ್ಲಿ ಸುದ್ದಿ ಮುಟ್ಟಿತ್ತು. "ಸಂಬಂಧ ಕಡಿದಿ," ಅಂದ. ನಾನು ಹೊಸ ಕಂಪ್ಯೂಟರಿನ ವೈರು ಚುಚ್ಚುತ್ತಿದ್ದೆ. "ನಗ್ಲಿಕ್ಕೇನೂ ಇಲ್ಲೇನು ಈ ಸಲ?" ಅಂತ ಕೇಳಿದೆ. ಅವನು ಹೋಗಿ ಜಂಕ್ಷನ್ ಬಾಕ್ಸ್ ತಂದು ಕೊಟ್ಟ. ಆ ಮೇಲಿಂದ ಅವನು ಪಂಕ್ತಿಯಲ್ಲಿ ಕೂತಾಗ ನಗುವ ಮೊದಲು ಒಮ್ಮೆ ನನ್ನ ಕಡೆ ನೋಡುತ್ತಾನೆ.

ಬಿದರಿ ಬಳ್ಳಿಯನ್ನು ಮತ್ತೆ ಮೊದಲಿಂದ ಬಿಡಿಸಿದೆ. ಮೊದಲಿನಷ್ಟು ಚೆಂದ ಬರಲಿಲ್ಲ. ಹಳೆಯದರಲ್ಲಿ ಒಂದು ಕಡೆ ಎಲೆ ಮಡಚಿಕೊಳ್ಳುತ್ತಿದ್ದ ರೀತಿ ನನ್ನ ಕೈಗೆ ಮತ್ತೆ ಸಿಗಲಿಲ್ಲ. ಹಾಗಾಗಿ ಭಾವನನ್ನು ಮಾಫ್ ಮಾಡುವ ಮಾತೇ ಬರುವುದಿಲ್ಲ. ಸುದ್ದಿ ಮಾತ್ರ ತಾನಾಗಿಯೇ ಹಬ್ಬಿತು. ನೆಂಟರಲ್ಲಿ ಯಾರು ಕಂಪ್ಯೂಟರ್ ಕೊಳ್ಳುವುದಿದ್ದರೂ ನನ್ನನ್ನು ಕರೆಯತೊಡಗಿದರು. ಸಾಯಗಾಂವದವರು, ಮನ್ನಳ್ಳಿಯವರು, ಯಾರೇ ಕರೆಯಲಿ, ಕೈಯಲ್ಲಿನ ಕೆಲಸ ಬಿಟ್ಟು ಹೋಗುತ್ತೇನೆ. ಬಸ್ ಚಾರ್ಜೂ ತಗೊಳ್ಳುವುದಿಲ್ಲ. ಎಲ್ಲರನ್ನೂ ಎದುರಿನ ಅಂಗಡಿಗೇ ಕರೆದೊಯ್ಯುತ್ತೇನೆ, ಒಳಗೆ ಹೋಗುವ ಮೊದಲು ರಸ್ತೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಭಾವ ಈಗ ಹೆಚ್ಚಾಗಿ ಸಿಸಿ ಕ್ಯಾಮೆರಾ ಮಾರುತ್ತಾನೆ.

ಕಳೆದ ವರ್ಷ ಅವನ ಹೆಂಡತಿ ಫೋನು ಮಾಡಿದಳು. ನನ್ನ ಹಾಗೆ ಡಿಸೈನ್ ಕಲಿಯಬೇಕಂತೆ. "ಕಲಿಸ್ತೀರೇನ್ರಿ ಅಕ್ಕ? ನಮ್ಮವರು ಬ್ಯಾಡ ಅಂತಾರ," ಅಂದಳು. ಬೇಡ ಅಂದದ್ದು ಕೇಳಿ ಆ ಕ್ಷಣವೇ ಒಪ್ಪಿದೆ. ಭಾಲ್ಕಿಗೆ ಬಂದು ಕಲಿತಳು, ಚುರುಕು ಹೆಣ್ಣುಮಗಳು. ನನಗೆ ಗೊತ್ತಿದ್ದದ್ದರಲ್ಲಿ ಒಂದನ್ನೂ ಮುಚ್ಚಿಡಲಿಲ್ಲ. ತನ್ನ ಕಂಪ್ಯೂಟರ್ ಕೊಳ್ಳುವ ಹೊತ್ತು ಬಂದಾಗ ಅವಳು ಗಂಡನಿಗೆ ನೇರವಾಗಿ ಹೇಳಿದಳಂತೆ: "ನಿಮ್ಮ ಅಂಗಡೀದು ಬ್ಯಾಡ. ಅಕ್ಕ ತಗೊಂಡಲ್ಲೇ ತಗೊಳ್ತೇನಿ."

ಅದನ್ನು ಜೋಡಿಸಿ ಕೊಡಲಿಕ್ಕೆ ನಾನೇ ಬೀದರಿಗೆ, ಅವರ ಮನೆಗೆ ಹೋದೆ. ಟೇಬಲ್ಲಿನ ಕೆಳಗೆ ಕತ್ತಲೆ ಇತ್ತು. ಅವಳು ಗಂಡನನ್ನು ಕರೆದು ಟಾರ್ಚ್ ಹಿಡಿಯಲಿಕ್ಕೆ ಹೇಳಿದಳು. ಅವನು ಮೊಣಕಾಲೂರಿ ಕೂತ. ಜೋಡಿಸಬೇಕಾದ ವೈರುಗಳು ಹೆಚ್ಚೇನೂ ಇರಲಿಲ್ಲ. ನಾನು ಸಾವಕಾಶ ಮಾಡಿದೆ.

"ಜರಾ ಎಡಕ್ಕ ಹಿಡೀರಿ, ಭಾವ," ಅಂದೆ.

ಎಡಕ್ಕೆ ಹಿಡಿದ.