ನಾಯಿ ಕಟ್ಟುವ ಮುನ್ನ: ಶ್ರೀವಾಣಿ ಮೇಡಂ ಕಲಿಸಿದ ಕಾವಲು

ಬಳ್ಳಾರಿ ಸೀಮೆಯಲ್ಲಿ ಗಣಕಯಂತ್ರವು ಇನ್ನೂ ಮೈತುಂಬ ಬಟ್ಟೆ ಹೊದ್ದುಕೊಂಡು, ಚಪ್ಪಲಿ ಹೊರಗೆ ಬಿಟ್ಟು ಬಂದವರಿಗೆ ಮಾತ್ರ ದರ್ಶನ ಕೊಡುತ್ತಿದ್ದ ಕಾಲದಲ್ಲಿ ಅದರ ಪಾಠ ಹೇಳಲು ಬಂದು, ಅದು ಮನೆಮನೆಯ ಮೂಲೆಯಲ್ಲಿ ಕುಳಿತು ಊರ ಉಸಾಬರಿಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡಿರುವ ಈ ಕಾಲದಲ್ಲಿ ನಿವೃತ್ತರಾಗುತ್ತಿರುವವರು ಶ್ರೀಮತಿ ಶ್ರೀವಾಣಿ ಅವರು. ಪ್ರೋಗ್ರಾಂ ಬರೆಯಲು ಕಲಿಸಿದ ಅಧ್ಯಾಪಕರು ನಮ್ಮ ಭಾಗದಲ್ಲಿ ಅನೇಕರಿದ್ದಾರೆ, ಅವರೆಲ್ಲರಿಗೂ ನಮಸ್ಕಾರ. ಆದರೆ ಮನೆಯ ಕಂಪ್ಯೂಟರನ್ನು ಕಾಯುವುದೂ ಒಂದು ವಿದ್ಯೆಯೆಂದು ತಿಳಿದು, ಅದನ್ನು ತರಗತಿಯಲ್ಲೂ ಬಸ್‌ಸ್ಟ್ಯಾಂಡಿನಲ್ಲೂ ಮದುವೆಯೂಟದ ಪಂಕ್ತಿಯಲ್ಲೂ ಬೇಸರವಿಲ್ಲದೆ ಬೋಧಿಸಿದವರು, ನಾನು ಕಂಡಂತೆ, ಇವರೊಬ್ಬರೇ. ಅವರ ಶಿಷ್ಯನಾದ ಗವಿಸಿದ್ದೇಶನೆಂಬ ನನಗೆ ಈ ಅಭಿನಂದನ ಗ್ರಂಥದಲ್ಲಿ ನಾಲ್ಕು ಮಾತು ಬರೆಯಲು ಸಂಪಾದಕರು ಅವಕಾಶ ಕೊಟ್ಟಿದ್ದಾರೆ. ನಾಲ್ಕಕ್ಕೆ ನಿಲ್ಲಿಸುವುದು ನನ್ನ ಸ್ವಭಾವವಲ್ಲವೆಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಸಿರುಗುಪ್ಪದ ಕಾಲೇಜಿನಲ್ಲಿ ನಾನು ಅವರ ವಿದ್ಯಾರ್ಥಿಯಾದೆ. ಅಕ್ಕಿ ಗಿರಣಿಗಳಲ್ಲಿ ಭತ್ತ ಬೇಯಿಸುವ ವಾಸನೆ ಗಾಳಿಯಲ್ಲಿ ತೇಲಿ ಬಂದು ಮಧ್ಯಾಹ್ನದ ತರಗತಿಗಳ ಮೇಲೆ ಕೂತುಬಿಡುತ್ತಿತ್ತು. ಎಂಥ ಜಾಣನಿಗೂ ಆ ವಾಸನೆಗೆ ಕಣ್ಣೆಳೆಯುತ್ತಿತ್ತು. ಕಂಪ್ಯೂಟರ್ ಕೋಣೆಯ ಬಾಗಿಲ ಪಕ್ಕದಲ್ಲಿ ಮೇಡಂ ಒಂದು ಹಳೆಯ ಯಂತ್ರವನ್ನು ಒಂಟಿಯಾಗಿ ಇರಿಸಿದ್ದರು. ಉಳಿದ ಯಂತ್ರಗಳೊಂದಿಗೆ ಅದಕ್ಕೆ ಸಂಬಂಧವಿರಲಿಲ್ಲ. ಹೊರಗಿನಿಂದ ಬಂದ ಯಾವುದೇ ಪೆನ್‌ಡ್ರೈವ್ ಮೊದಲು ಅದರಲ್ಲಿ ತಪಾಸಣೆಯಾಗಿ ಆಮೇಲಷ್ಟೇ ಒಳಗೆ ಹೋಗಬೇಕು. ಆ ಯಂತ್ರಕ್ಕೆ ನಾವು ‘ಬಚ್ಚಲು’ ಎಂದು ಹೆಸರಿಟ್ಟಿದ್ದೆವು. ಪ್ರಾಂಶುಪಾಲರ ಪೆನ್‌ಡ್ರೈವಿಗೂ ವಿನಾಯಿತಿ ಇರಲಿಲ್ಲ. “ಸರ್, ಮೊದಲ ಇದರ ಕಾಲು ತೊಳೀರಿ,” ಎಂದು ಅವರಿಗೂ ಬಚ್ಚಲು ತೋರಿಸುವ ಧೈರ್ಯ ಮೇಡಂ ಒಬ್ಬರಿಗೇ ಇತ್ತು.

ಬಚ್ಚಲಿಗೆ ಅವಸರವೆಂಬುದು ಗೊತ್ತಿರಲಿಲ್ಲ. ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಆಕಳಿಸುತ್ತ ಸರಿಯುತ್ತಿತ್ತು. ಅದರ ಕೆಳಗೆ ಕಡತಗಳ ಹೆಸರುಗಳು ಒಂದರ ಹಿಂದೊಂದು ಹರಿದುಹೋಗುತ್ತಿದ್ದವು. ಗದ್ದಕ್ಕೆ ಕೈಕೊಟ್ಟು ನೋಡುತ್ತಿದ್ದ ನಾನು ಎಷ್ಟೋ ಸಲ ಅಲ್ಲೇ ತೂಕಡಿಸಿ, ಆ ಹೆಸರುಗಳೆಲ್ಲ ಕಾಲುವೆಯ ನೀರಿನಲ್ಲಿ ತೇಲುವ ಎಲೆಗಳಾದಂತೆ, ದಂಡೆಯಲ್ಲಿ ಕೂತ ಯಾರೋ ಒಂದೊಂದನ್ನೇ ಎತ್ತಿ ಹಿಂದುಮುಂದು ನೋಡಿ ಮತ್ತೆ ನೀರಿಗೆ ಬಿಡುತ್ತಿರುವಂತೆ ಕನಸು ಕಾಣುತ್ತಿದ್ದೆ. ಕಣ್ಣು ಬಿಟ್ಟರೆ ಮೇಡಂ ಪಕ್ಕದ ಸ್ಟೂಲಿನ ಮೇಲೆ ಕೂತು ಪರದೆಯನ್ನೇ ನೋಡುತ್ತಿರುತ್ತಿದ್ದರು. “ಮಲಕೋಪಾ, ಅದು ಇನ್ನೂ ಓದಲಿಕ್ಕೆ ಹತ್ಯದ. ಮುಗದ ಮ್ಯಾಲೆ ಎಬ್ಬಸ್ತೀನಿ,” ಎನ್ನುತ್ತಿದ್ದರು. ಬೇರೆ ಮೇಷ್ಟ್ರುಗಳ ತರಗತಿಯಲ್ಲಿ ನಿದ್ದೆ ಮಾಡಿ ಬೈಸಿಕೊಂಡ ನನಗೆ, ನಿದ್ದೆಯನ್ನೂ ಪಾಠದೊಳಗೆ ಸೇರಿಸಿಕೊಂಡ ಅವರ ಮೇಲೆ ಅಂದೇ ಪ್ರೀತಿ ಹುಟ್ಟಿತು.

ಟ್ರೋಜನ್ ಎಂಬುದನ್ನು ಅವರು ವಿವರಿಸಿದ್ದು ಹೀಗೆ: ಕೆಲವು ಪೀಡೆಗಳು ಗೋಡೆ ಹಾರಿ ಬರುತ್ತವೆ, ಇದು ಮಾತ್ರ ಮುಂಬಾಗಿಲಿಗೇ ಬರುತ್ತದೆ, ನಗುತ್ತ, ನಮಗೆ ಬೇಕಾದದ್ದನ್ನೇ ಕೈಯಲ್ಲಿ ಹಿಡಿದು ಬರುತ್ತದೆ. ಅದನ್ನು ಒಳಗೆ ಕರೆದು ಕೂರಿಸುವವರು ನಾವೇ.

ಅಲ್ಲಿಂದ ಅವರಿಗೆ ಕುರುಗೋಡಿಗೆ ವರ್ಗವಾಯಿತು. ನನ್ನ ಪುಣ್ಯಕ್ಕೆ ನಮ್ಮ ಓಣಿಯಲ್ಲೇ ಬಾಡಿಗೆ ಮನೆ ಹಿಡಿದರು. ಬಾದನಹಟ್ಟಿಯಲ್ಲಿ ಹುಟ್ಟಿ ಬೆಳೆದ ನನ್ನ ತಾಯಿ ಹೊನ್ನೂರಮ್ಮ ಪ್ರತಿದಿನ ಬೆಳಗ್ಗೆ ಹಾಕುತ್ತಿದ್ದ ರಂಗೋಲಿಯನ್ನು ನೋಡಲೆಂದೇ ಮೇಡಂ ಬಳಸುದಾರಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದರು. ಅವ್ವ ಎಣಿಸದೆ ಚುಕ್ಕಿ ಇಡುತ್ತಿದ್ದಳು. ತೊಟ್ಟಿಲು, ನವಿಲು, ಆಮೆ, ಯಾವ ಹೆಸರೂ ಇಲ್ಲದ ಬಳ್ಳಿಗಳು ಅವಳ ಬೆರಳಿನಿಂದ ತಾವಾಗಿಯೇ ಇಳಿದು ಬರುತ್ತಿದ್ದವು. ನನ್ನ ಅಣ್ಣ ಓಬಳೇಶ ಮನೆಯಲ್ಲೇ ಕಂಪ್ಯೂಟರ್ ಕಸೂತಿ ಯಂತ್ರ ಇಟ್ಟುಕೊಂಡು, ಬಳ್ಳಾರಿಯ ಜೀನ್ಸ್ ಘಟಕಗಳಿಂದ ಬರುವ ಪ್ಯಾಂಟಿನ ಜೇಬುಗಳಿಗೆ ಚಿತ್ತಾರ ಹೊಲಿದು ಕೊಡುತ್ತಿದ್ದ. ಅವ್ವನ ರಂಗೋಲಿಗಳನ್ನು ಕಂಪ್ಯೂಟರಿಗೆ ಇಳಿಸಿ ಕಸೂತಿಯಾಗಿ ಮಾಡಬಾರದೇಕೆ ಎಂದು ಅವನಿಗೆ ಹೊಳೆಯಿಸಿದವರು ಮೇಡಮ್ಮೇ. ಹಾಗೆ ಗುರುತುಪರಿಚಯವಿಲ್ಲದ ಎಷ್ಟೋ ಯುವಕರ ಹಿಂಭಾಗದ ಮೇಲೆ ನಮ್ಮವ್ವನ ನವಿಲುಗಳು ಊರೂರು ತಿರುಗಿದವು.

ಕುರುಗೋಡಿನಲ್ಲಿದ್ದಾಗ ಅವರ ಮನೆಯ ಕಟ್ಟೆ ಎಂದೂ ಖಾಲಿ ಇರುತ್ತಿರಲಿಲ್ಲ. ಯಾವ ಆಂಟಿವೈರಸ್ ಒಳ್ಳೆಯದೆಂದು ಕೇಳಲು ಬಂದವರನ್ನು ಅವರೇ ತಿರುಗಿ ಕೇಳುತ್ತಿದ್ದರು: ಯಂತ್ರ ಎಷ್ಟು ಹಳೆಯದು, ಅದರಲ್ಲಿ ಏನು ಕೆಲಸ, ಯಾರ್‍ಯಾರು ಮುಟ್ಟುತ್ತಾರೆ, ಅಪ್‌ಡೇಟ್ ಕೇಳಿದಾಗ ‘ಆಮೇಲೆ’ ಒತ್ತುವವರು ನಿಮ್ಮ ಮನೆಯಲ್ಲಿ ಯಾರು? ಕೊನೆಯ ಪ್ರಶ್ನೆಗೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು. ಯಂತ್ರದ ಜೊತೆಗೇ ಬಂದ ಕಾವಲು ದಿನದಿನವೂ ಹೊಸದಾಗುತ್ತಿದ್ದರೆ ಸಾಧಾರಣ ಮನೆಗೆ ಅದೇ ಸಾಕೆಂದೂ, ಕೊಂಡು ಹಾಕುವುದೇ ಆದರೆ ಮಾರುವವರ ಮಾತಿಗಿಂತ ಬೇರೆಯವರು ಪರೀಕ್ಷಿಸಿ ಹೇಳಿದ್ದನ್ನು ನಂಬಿ, ತಯಾರಿಸಿದವರ ಜಾಲತಾಣದಿಂದಲೇ ತರಬೇಕೆಂದೂ, ಎಲ್ಲಿಂದಲೋ ಪರದೆಯ ಮೇಲೆ ಚಿಮ್ಮಿ ‘ನಿಮ್ಮ ಕಂಪ್ಯೂಟರ್ ಕೆಟ್ಟಿದೆ, ಇಲ್ಲಿ ಒತ್ತಿ’ ಎಂದು ಬೊಬ್ಬೆ ಹೊಡೆಯುವ ಆಂಟಿವೈರಸ್ಸೇ ಎಷ್ಟೋ ಸಲ ಟ್ರೋಜನ್ ಆಗಿರುತ್ತದೆಂದೂ ಅವರು ಹೇಳುತ್ತಿದ್ದರು. ನಮ್ಮ ಓಬಳೇಶಣ್ಣ ಎಲ್ಲದರಲ್ಲೂ ಧಾರಾಳಿ. “ಎರಡು ಹಾಕಿಬಿಡ್ಲೇನ್ರಿ ಮೇಡಂ? ಒಂದು ಮಲಗಿದ್ರ ಇನ್ನೊಂದು ಎದ್ದಿರ್ತೈತಿ,” ಎಂದ. “ಒಂದ ಬಾಗಿಲಿಗೆ ಎರಡು ನಾಯಿ ಕಟ್ಟಿದ್ರ ಕಳ್ಳನ್ನ ಬಿಟ್ಟು ತಮ್ಮೊಳಗ ಕಚ್ಚ್ಯಾಡ್ತಾವ ಓಬಳೇಶ,” ಎಂದು ನಕ್ಕರು. ಅವ್ವ ಅದನ್ನು ಕೇಳಿ ಬಹಳ ಹೊತ್ತು ನಕ್ಕಿದ್ದು ನೆನಪಿದೆ.

ಮುಂದೆ ಮೇಡಂ ಬಳ್ಳಾರಿಗೆ ಹೋಗಿ ಕಂಟೋನ್ಮೆಂಟಿನಲ್ಲಿ ನೆಲೆಸಿದರು. ಇತ್ತ ಸಕ್ಕರೆ ಕಾಯಿಲೆ ಅವ್ವನ ಕಣ್ಣಿಗೇರಿತು. ಹೋದ ದೃಷ್ಟಿ ಮರಳುವುದಿಲ್ಲವೆಂದು ವೈದ್ಯರು ಹೇಳಿದ ದಿನ ಅವ್ವ ಅಳಲಿಲ್ಲ. “ಎಲ್ಲಾ ಕಂಪ್ಯೂಟರಿನ್ಯಾಗ ಅದಾವಲ್ಲ,” ಎಂದಳಷ್ಟೇ. ಅಂದಿನಿಂದ ಆ ಯಂತ್ರ ನಮಗೆ ಬರೀ ಯಂತ್ರವಾಗಿ ಉಳಿಯಲಿಲ್ಲ.

ಹೀಗಿರುವಾಗ ಕಸೂತಿ ಚಿತ್ರ ಮಾಡುವ ತಂತ್ರಾಂಶದ ಅವಧಿ ಮುಗಿಯಿತು. ಅದೇ ತಂತ್ರಾಂಶ ಪುಕ್ಕಟೆ ಸಿಗುತ್ತದೆಂದು ಓಬಳೇಶಣ್ಣನ ಮೊಬೈಲಿಗೆ ಯಾವುದೋ ಗುಂಪಿನಿಂದ ಒಂದು ಲಿಂಕ್ ಬಂತು. ಅದನ್ನು ಇಳಿಸಿಕೊಂಡು ತೆರೆದಾಗ, ‘ಮೊದಲು ನಿಮ್ಮ ಆಂಟಿವೈರಸ್ ನಿಲ್ಲಿಸಿ’ ಎಂಬ ಸೂಚನೆ. ಅಣ್ಣ ಅದನ್ನು ಅವ್ವನಿಗೆ ಓದಿ ಹೇಳಿದ. ನಮ್ಮ ಕಡೆ ಬಂದವರು ಬಾಗಿಲ ಹೊರಗೆ ನಿಂತು ‘ನಾಯಿ ಕಟ್ರೀ’ ಎಂದು ಕೂಗುತ್ತಾರೆ, ಮನೆಯವರು ಮೊದಲು ನಾಯಿ ಕಟ್ಟಿ ಆಮೇಲೆ ಯಾರೆಂದು ನೋಡುತ್ತಾರೆ. ಬಂದವರನ್ನು ಬಿಸಿಲಲ್ಲಿ ನಿಲ್ಲಿಸುವುದು ಮರ್ಯಾದೆಯಲ್ಲ. ಮೇಡಂ ಹೇಳಿದ್ದ ಎರಡು ನಾಯಿಗಳ ಮಾತು ಅವ್ವನ ತಲೆಯಲ್ಲಿ ಇದ್ದೇ ಇತ್ತು; ಅವಳ ಪಾಲಿಗೆ ಆಂಟಿವೈರಸ್ ಎಂದರೆ ಬಾಗಿಲ ನಾಯಿಯೇ. “ಬರೋರು ಹೆದರ್‍ತಾರ ಅಂದ್ರ ಕಟ್ಟಪ್ಪ, ಆಮ್ಯಾಲೆ ಬಿಡಾಕ ಬರ್ತೈತಿ,” ಎಂದಳು. ಅಣ್ಣ ಕಟ್ಟಿದ.

ಮರುದಿನ ರಂಗೋಲಿಯ ಫೋಲ್ಡರುಗಳಲ್ಲಿ ಒಂದೂ ಇರಲಿಲ್ಲ. ಅವುಗಳ ಜಾಗದಲ್ಲಿ ಅದೇ ಹೆಸರಿನ ಪೊಳ್ಳು ಗುರುತುಗಳಿದ್ದವು. ಒತ್ತಿದರೆ ಪರದೆ ಕಪ್ಪಾಗಿ ಮಿಂಚಿ ಸುಮ್ಮನಾಗುತ್ತಿತ್ತು. ರಿಪೇರಿ ಅಂಗಡಿಯವನು ಬಂದು, ಎಲ್ಲ ಅಳಿಸಿ ಹೊಸದಾಗಿ ಹಾಕದೆ ಗತಿಯಿಲ್ಲವೆಂದ. ನಾನು ಸಿರುಗುಪ್ಪದ ಗಿರಣಿಯ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಫೋನಿನಲ್ಲಿ, ಇಂಟರ್‌ನೆಟ್ ಕಿತ್ತು ಯಂತ್ರ ಆರಿಸಿಡು, ಯಾರೂ ಮುಟ್ಟಬೇಡಿ ಎಂದೆ. ಬಚ್ಚಲಿನ ಪಕ್ಕ ತೂಕಡಿಸಿ ಕಲಿತದ್ದು ಅಷ್ಟು ಮಾತ್ರ. ಅವ್ವ ಅಂದು ಉಣ್ಣಲಿಲ್ಲ. “ನಾನ ಕಟ್ಟಂದೆ,” ಎನ್ನುವುದು ಬಿಟ್ಟು ಬೇರೆ ಮಾತಿರಲಿಲ್ಲ.

ಕಂಟೋನ್ಮೆಂಟಿನ ಬೇವಿನ ನೆರಳಿನ ರಸ್ತೆಯಲ್ಲಿ, ಅವರ ಗೇಟಿನ ಮುಂದೆ ನಿಂತು ನಾನೂ ಕೂಗಿದ್ದು ಅದನ್ನೇ: “ಮೇಡಂ, ನಾಯಿ ಕಟ್ರೀ!” ಒಳಗಿನಿಂದ ಉತ್ತರ ಬಂತು: “ಕಟ್ಟೂದಿಲ್ಲಪಾ. ನಾನ ಬರ್ತೀನಿ, ನಿಲ್ಲು.” ಅವರು ನಿಧಾನವಾಗಿ ಹೊರಗೆ ಬಂದು, ಬೆಳ್ಳಿ ಎಂಬ ತಮ್ಮ ಬಿಳಿ ನಾಯಿಯ ತಲೆಯ ಮೇಲೆ ಕೈಯಿಟ್ಟು, ನನ್ನ ಮುಖ ನೋಡಿ, ಆಮೇಲೆ ಗೇಟು ತೆರೆದರು. ಸಂಗತಿ ಕೇಳಿ, ರಜೆಯ ದಿನವಾದರೂ, ಅದೇ ಬಿಸಿಲಲ್ಲಿ ನನ್ನೊಡನೆ ಕುರುಗೋಡಿನ ಬಸ್ಸು ಹತ್ತಿದರು.

ಅವರು ನಮ್ಮ ಯಂತ್ರವನ್ನು ಅದರ ಪಾಡಿಗೆ ಏಳಲು ಬಿಡಲಿಲ್ಲ; ತಮ್ಮ ಮನೆಯಲ್ಲಿ ಸಿದ್ಧಪಡಿಸಿ ತಂದಿದ್ದ ಪೆನ್‌ಡ್ರೈವಿನಿಂದ ಎಬ್ಬಿಸಿ, ಒಳಗೆ ಕೂತವನಿಗೆ ಎಚ್ಚರವಾಗದಂತೆ ತಪಾಸಣೆಗೆ ಹಚ್ಚಿದರು. ಮತ್ತೆ ಅದೇ ಹಸಿರು ಪಟ್ಟಿ. ಹೊರಗೆ ಕುರುಗೋಡಿನ ಗುಡ್ಡದ ಬಂಡೆಗಳು ಬಿಸಿಲಲ್ಲಿ ತೇಲಿದಂತೆ ಕಾಣುತ್ತಿದ್ದವು, ಕಸೂತಿ ಯಂತ್ರ ಸೂಜಿ ಎತ್ತಿ ಸುಮ್ಮನಿತ್ತು. ಮೇಡಂ ಅವ್ವನ ಪಕ್ಕ ಚಾಪೆಯ ಮೇಲೆ ಕೂತರು.

“ನನ್ನ ಕೈಯಾರ ಕಳಕೊಂಡ್ನಿರಿ ಮೇಡಮ್ಮಾರ,” ಎಂದಳು ಅವ್ವ.

“ನಾಯಿ ಕಟ್ಟಿದ್ದು ತಪ್ಪಲ್ಲ ಹೊನ್ನೂರಮ್ಮ. ಹೆದರಿದವನೂ ಕಟ್ರಿ ಅಂತಾನ, ಕಳ್ಳನೂ ಕಟ್ರಿ ಅಂತಾನ. ಯಾರಂತ ಮೊದಲ ನಾವ ಹೋಗಿ ನೋಡಬೇಕು, ಅಷ್ಟ. ನಾನೂ ನಾಯಿ ಮಾತು ಅರ್ಧ ಹೇಳಿ ಬಿಟ್ಟಿದ್ದೆ ನಿಮಗ.”

ಆ ಮಧ್ಯಾಹ್ನ ನಾನು ತೂಕಡಿಸಲಿಲ್ಲ. ಆದರೂ ಅದು ಕನಸಿನಂತೆಯೇ ನೆನಪಿದೆ: ಕಾಣದ ಕಣ್ಣುಗಳನ್ನು ಪರದೆಯ ಕಡೆಗೆ ತಿರುಗಿಸಿ ಕೂತ ಅವ್ವ, ಅವಳ ಕೈ ಹಿಡಿದುಕೊಂಡ ಮೇಡಂ. ತಪಾಸಣೆ ಮುಗಿದು ಟ್ರೋಜನ್ ಸಿಕ್ಕಿತು. ಅದು ಫೋಲ್ಡರುಗಳನ್ನು ನಾಶಮಾಡಿರಲಿಲ್ಲ, ಕಣ್ಣಿಗೆ ಬೀಳದಂತೆ ಮರೆಮಾಡಿತ್ತು. ಮೇಡಂ ಮರೆ ಸರಿಸಿದರು. ಒಂದೊಂದೇ ಹೆಸರು ಪರದೆಗೆ ಮರಳಿತು. ಕೆಲವು ಬಳ್ಳಿಗಳು ಅರ್ಧಕ್ಕೇ ತೆರೆದವು, ಅವು ಹೋದವು. ಮಿಕ್ಕವನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿ, ಅದನ್ನೂ ತಪಾಸಣೆ ಮಾಡಿ, ಅವ್ವನ ಕೈಗೆ ಕೊಟ್ಟು, ನಕಲು ಮಾಡುವಾಗಲ್ಲದೆ ಇದನ್ನು ಯಂತ್ರಕ್ಕೆ ಚುಚ್ಚಬಾರದೆಂದರು. ಆಮೇಲೆ ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿಸಿದರು, ಪಾಸ್‌ವರ್ಡುಗಳನ್ನೆಲ್ಲ ಬೇರೆ ಮೊಬೈಲಿನಿಂದ ಬದಲಿಸಿದರು. ಅಂಗಡಿಯವನು ಹೇಳಿದ್ದೂ ಸರಿಯೇ, ಆದರೆ ಮೊದಲು ಮಾಡುವುದನ್ನು ಬಿಟ್ಟು ಕೊನೆಯದನ್ನೇ ಹೇಳಿದ್ದನೆಂದು ಅವನ ಪರವಾಗಿಯೂ ಒಂದು ಮಾತಾಡಿದರು.

ಸಂಜೆ ಓಬಳೇಶಣ್ಣ ಯಂತ್ರಕ್ಕೆ ದಾರ ಪೋಣಿಸಿ ಒಂದು ತುಂಡು ಬಟ್ಟೆಯ ಮೇಲೆ ಮರಳಿ ಸಿಕ್ಕ ಚಿತ್ತಾರವೊಂದನ್ನು ಹೊಲಿದು ಅವ್ವನ ತೊಡೆಯ ಮೇಲಿಟ್ಟ. ಅವಳ ಬೆರಳು ದಾರದ ಮೇಲೆ ಒಂದು ಸುತ್ತು ಹೋಗಿ ಬಂತು. “ತೊಟ್ಟಿಲು,” ಎಂದಳು. “ನಂದ ಇದು.” ನಾನು ಹೊರಗೆ ಹೋಗಿ ಅತ್ತೆ. ಅಣ್ಣ ಒಳಗೇ ಅತ್ತ.

ಇಂಥ ಮನೆಗಳು ಎಷ್ಟೆಂದು ಮೇಡಂ ಲೆಕ್ಕ ಇಟ್ಟವರಲ್ಲ. ಸೇವೆಯಿಂದ ಅವರು ಬಿಡುಗಡೆಯಾಗಬಹುದು, ನಮ್ಮ ಪ್ರಶ್ನೆಗಳಿಂದ ಆಗುವಂತಿಲ್ಲ. ಅವರ ಕಣ್ಣು ಚುರುಕಾಗಿಯೂ ಮೊಣಕಾಲು ಗಟ್ಟಿಯಾಗಿಯೂ ಇರಲಿ, ಅವರು ಬಹುಕಾಲ ಹೀಗೆಯೇ ಗೇಟಿನ ತನಕ ನಡೆದು ಬಂದು ಬಂದವರ ಮುಖ ನೋಡುತ್ತಿರಲಿ ಎಂಬುದು ನಮ್ಮೆಲ್ಲರ ಹಾರೈಕೆ. ಸಮಾರಂಭದಲ್ಲಿ ಅವರಿಗೆ ಹೊದಿಸುವ ಶಾಲಿನ ಅಂಚಿಗೆ ಅಣ್ಣ ಅದೇ ತೊಟ್ಟಿಲನ್ನು ಹೊಲಿದಿದ್ದಾನೆ.

ಮೊನ್ನೆ ಆ ಶಾಲನ್ನು ಒಮ್ಮೆ ತೋರಿಸಿ ಬರೋಣವೆಂದು ಅವ್ವನನ್ನು ಕರೆದುಕೊಂಡು ಕಂಟೋನ್ಮೆಂಟಿಗೆ ಹೋಗಿದ್ದೆವು. ಒಳಗೆ ಬೆಳ್ಳಿ ಬೊಗಳತೊಡಗಿತು. ಅಭ್ಯಾಸಬಲದಿಂದ ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ತೋಳು ಒತ್ತಿ ಸುಮ್ಮನಿರಿಸಿ, ತಡವರಿಸಿ ಗೇಟಿನ ಸರಳು ಹಿಡಿದುಕೊಂಡು ತಾನೇ ಕೂಗಿದಳು:

“ಮೇಡಮ್ಮಾರ, ನಾಯಿ ಕಟ್ಟಬ್ಯಾಡ್ರೀ! ನಾನ, ಹೊನ್ನೂರಿ. ನೀವ ಬಂದು ನೋಡ್ರಿ.”